ಕರಿದ ಅಂಟು, ಬಂದ ಪಾಕ: ಅಮೀನಗಡದ ಕರದಂಟನ್ನು ಕುರಿತು

ಕಾಫಿ, ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಸಿಹಿತಿಂಡಿಗೆ ಏನು ಕೆಲಸವೆಂದು ಸದಸ್ಯ ಬಂಧುಗಳು ಕೇಳಬಹುದು. ಕಾರಣವಿದೆ. ಹೋದ ಜನವರಿಯಲ್ಲಿ ಅರೇಬಿಕಾ ಕೊಯ್ಲು ಮುಗಿದು ರೊಬಸ್ಟಾ ಇನ್ನೂ ಕೈಗೆ ಬಾರದ ನಾಲ್ಕು ದಿನಗಳ ಬಿಡುವಿನಲ್ಲಿ ನಾವು ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿದ್ದೆವು. ಅಲ್ಲಿಂದ ಗುಳೇದಗುಡ್ಡದ ಮೇಲೆ ಅಮೀನಗಡ, ಹುನಗುಂದ, ಇಳಕಲ್ಲು ಎಂದು ಸುತ್ತಿ ಬಂದೆವು. ಗುಳೇದಗುಡ್ಡದಲ್ಲಿ ಖಣ ಕೊಂಡದ್ದು, ಇಳಕಲ್ಲಿನಲ್ಲಿ ಸೀರೆಯ ಒಡಲಿಗೂ ಸೆರಗಿಗೂ ಎಳೆಯೆಳೆಯಾಗಿ ಕೊಂಡಿ ಹಾಕುವುದನ್ನು ಮಗ್ಗದ ಪಕ್ಕದಲ್ಲೇ ನಿಂತು ನೋಡಿದ್ದು, ಇವೆಲ್ಲ ಮನೆಯವರಿಗೆ ಸಂತೋಷದ ಸಂಗತಿಗಳು. ನಮ್ಮ ತಲೆಯಲ್ಲಿ ಉಳಿದದ್ದು ಮಾತ್ರ ಅಮೀನಗಡದ ಕರದಂಟು.

ಅಮೀನಗಡ ಬಾಗಲಕೋಟೆಯಿಂದ ಹುನಗುಂದಕ್ಕೆ ಹೋಗುವ ರಸ್ತೆಯಲ್ಲಿರುವ ಊರು. ಕುರಿ, ದನಗಳ ಸಂತೆಗೆ ಹೆಸರಾದದ್ದು. ಕರದಂಟು ಎಂದರೆ ಕರಿದ ಅಂಟು. ಜಾಲಿಯ ಜಾತಿಯ ಮರಗಳಿಂದ ಒಸರುವ ತಿನ್ನುವ ಅಂಟನ್ನು ತುಪ್ಪದಲ್ಲಿ ಕರಿದು, ಒಣ ಕೊಬ್ಬರಿ, ಉತ್ತುತ್ತಿ, ಗೋಡಂಬಿ, ಬಾದಾಮಿ, ದ್ರಾಕ್ಷಿ, ಗಸಗಸೆಗಳೊಂದಿಗೆ ಬೆಲ್ಲದ ಪಾಕದಲ್ಲಿ ಕೂಡಿಸಿ ಮಾಡುವ ತಿಂಡಿ. ಬೆಳಗಾವಿ ಜಿಲ್ಲೆಯ ಗೋಕಾಕದಲ್ಲೂ ಇದು ಪ್ರಸಿದ್ಧ. ಮೊದಲಿಗೆ ಇದು ಬಾಣಂತಿಯರಿಗೆ ಮನೆಯಲ್ಲಿ ಕಟ್ಟುತ್ತಿದ್ದ ಅಂಟಿನುಂಡೆಯ ಬಳಗದ್ದು. ಗರಡಿಯ ಪೈಲವಾನರಿಗೂ ಪ್ರಿಯವಾದದ್ದು. ಅಮೀನಗಡದ ವಿಜಯ ಕರದಂಟಿನವರು ತಮ್ಮ ಕಸುಬನ್ನು 1907ರಿಂದ ಲೆಕ್ಕ ಹಾಕುತ್ತಾರೆ. ಅಂದರೆ ಶತಮಾನಕ್ಕೂ ಮೇಲೆ, ತಲೆಯಿಂದ ತಲೆಗೆ.

ಈಗ ಬೆಳೆಗಾರರು ಯೋಚಿಸಬೇಕಾದ ಮಾತು. ಇದರಲ್ಲಿ ಹಾಕುವ ಸಾಮಾನುಗಳಲ್ಲಿ ಅಮೀನಗಡದ ಹೊಲದಲ್ಲಿ ಬೆಳೆಯುವಂಥದು ಎಷ್ಟು? ಬೆಲ್ಲವೇನೋ ಅದೇ ಜಿಲ್ಲೆಯ ಮುಧೋಳ, ಮಹಾಲಿಂಗಪುರದ ಕಡೆ ಆಗುತ್ತದೆ, ದ್ರಾಕ್ಷಿ ನೆರೆಯ ವಿಜಯಪುರ ಜಿಲ್ಲೆಯಲ್ಲಿ. ಆದರೆ ಗೋಡಂಬಿ ಕರಾವಳಿಯ ಬೆಳೆ, ಕೊಬ್ಬರಿ ತಿಪಟೂರಿನಂಥ ತೆಂಗಿನ ಸೀಮೆಯದು, ಬಾದಾಮಿ, ಉತ್ತುತ್ತಿಗಳು ದೇಶದ ಆಚೆಯವು. (ಬಾದಾಮಿ ಊರಿಗೂ ಬಾದಾಮಿ ಬೀಜಕ್ಕೂ ಸಂಬಂಧವಿಲ್ಲವೆಂದು ಮಕ್ಕಳಿಗೆ ದಾರಿಯುದ್ದಕ್ಕೂ ಹೇಳಬೇಕಾಯಿತು.) ವರ್ಷಕ್ಕೆ 600 ಮಿಲಿಮೀಟರ್ ಆಚೀಚೆ ಮಳೆ ಕಾಣುವ ನೆಲ ಅದು. ಊರು ಬೆಳೆದದ್ದು ಪದಾರ್ಥವನ್ನಲ್ಲ, ಹದವನ್ನು. ಆ ಹದಕ್ಕಾಗಿ ಬಸ್ಸು, ಲಾರಿ, ಕಾರುಗಳು ಅಲ್ಲಿ ನಿಲ್ಲುತ್ತವೆ.

ಅಂಗಡಿಯ ಒಲೆಯ ಬಳಿ ನಮ್ಮನ್ನು ಯಾರೂ ಬಿಡಲಿಲ್ಲ, ಅದು ನ್ಯಾಯವೇ. ಆದರೆ ಹುನಗುಂದದ ಕಡೆಯ ಪರಿಚಯಸ್ಥರ ಮನೆಯಲ್ಲಿ ಮಗಳ ಬಾಣಂತನಕ್ಕೆಂದು ಕರದಂಟು ಮಾಡುವುದಿತ್ತು. ಮನೆಯ ಹಿರಿಯ ತಾಯಿ ನಮ್ಮನ್ನು ಅಡುಗೆಮನೆಯ ಹೊಸ್ತಿಲಲ್ಲಿ ಮಣೆ ಹಾಕಿ ಕೂರಿಸಿದರು. ಅಂಟನ್ನು ಹಿಂದಿನ ದಿನವೇ ಬಿಸಿಲಿಗೆ ಹಾಕಿ, ತೊಗಟೆ ಚೂರು ಆರಿಸಿ, ಕಡಲೆಕಾಳಿಗಿಂತ ಸಣ್ಣದಾಗಿ ಒಡೆದಿದ್ದರು. ಬಾಣಲೆಯ ತುಪ್ಪಕ್ಕೆ ಒಂದು ಹಿಡಿ ಹಾಕುತ್ತಲೇ ಅದು ಅರಳಿನಂತೆ ಅರಳಿ ಬೆಳ್ಳಗಾಯಿತು. "ಅಂಟು ಹೂವಾಗಬೇಕ್ರಿ ಸಾಹೇಬ್ರ. ಒಳಗ ಗಟ್ಟಿ ಉಳೀತಂದ್ರ ಹಲ್ಲಿಗೆ ಮೆತ್ಕೋತೈತಿ" ಎಂದರು.

ಇದರ ಹಿಂದಿನ ಸಂಗತಿ ಸರಳವಾದದ್ದು. ಒಣಗಿದಂತೆ ಕಾಣುವ ಅಂಟಿನಲ್ಲೂ ನೂರಕ್ಕೆ ಹತ್ತು ಹದಿನೈದು ಪಾಲು ನೀರಿರುತ್ತದೆ. ಕಾದ ತುಪ್ಪದಲ್ಲಿ ಆ ನೀರು ಒಮ್ಮೆಲೇ ಹಬೆಯಾಗಿ, ಮೆತ್ತಗಾದ ಅಂಟನ್ನು ಒಳಗಿನಿಂದ ಉಬ್ಬಿಸುತ್ತದೆ. ತುಪ್ಪ ಸಾಕಷ್ಟು ಕಾಯದಿದ್ದರೆ ಹಬೆ ನಿಧಾನವಾಗಿ ತಪ್ಪಿಸಿಕೊಂಡು ಕಲ್ಲು ಉಳಿಯುತ್ತದೆ. ಹೆಚ್ಚು ಕಾದರೆ ಹೊರಗೆ ಕಂದಿ ಒಳಗೆ ಹಸಿ. ಚೂರು ದಪ್ಪವಿದ್ದರೂ ಅದೇ ಗತಿ. ಊರಿಗೆ ಮರಳಿದ ಮೇಲೆ ನಾವು ಈ ಜ್ಞಾನದ ಬಲದಿಂದಲೇ ಮನೆಯಲ್ಲಿ ಮಾಡಹೋಗಿ ಅರ್ಧ ಕಿಲೋ ಅಂಟನ್ನು ಕಲ್ಲು ಮಾಡಿದೆವು. ಯಜಮಾನಿಯವರು ಅದನ್ನು ಇಂದಿಗೂ ಒಂದು ಡಬ್ಬಿಯಲ್ಲಿಟ್ಟು ಬಂದವರಿಗೆ ತೋರಿಸುತ್ತಾರೆ.

ಮುಂದಿನದು ಪಾಕ. ಬೆಲ್ಲ ಕರಗಿ, ಸೋಸಿ, ಮತ್ತೆ ಕುದಿದು 120 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿಗೆ ಬಂದಾಗ, ತಣ್ಣೀರಿಗೆ ಬಿಟ್ಟ ಹನಿ ಹರಡದೆ ಬೆರಳಿನಲ್ಲಿ ಗಟ್ಟಿ ಉಂಡೆಯಾಗುತ್ತದೆ. ಎಷ್ಟು ನಿಮಿಷ ಎಂದು ನಾವು ಗಡಿಯಾರ ನೋಡಿದೆವು. "ಗಡಿಯಾರ ನೋಡಿದ್ರ ಪಾಕ ಹೋಗಿಬಿಡತೈತ್ರಿ, ಬೋಗುಣಿ ನೋಡ್ರಿ" ಎಂದು ಆ ತಾಯಿ ನಕ್ಕರು. ಒಂದು ಬೆಲ್ಲದ ಪೆಂಟೆ ಇನ್ನೊಂದರಂತಿರುವುದಿಲ್ಲ. ಕಬ್ಬು, ಸುಣ್ಣ, ಕಾಯಿಸಿದ ಬಗೆ, ಎಲ್ಲವೂ ಪಾಕದ ವೇಳೆಯನ್ನು ಹಿಂದೆ ಮುಂದೆ ಮಾಡುತ್ತವೆ. ಪಾಕ ಎಳೆಯದಾದರೆ ಕರದಂಟು ನೀರು ಕುಡಿದು ಬೇಗ ಕೆಡುತ್ತದೆ, ಮೀರಿದರೆ ಹಲ್ಲಿಗೆ ಸವಾಲು. ನೀರಿನ ಅಂಶ ಇಷ್ಟು ಕಡಿಮೆ ಇರುವುದರಿಂದಲೇ ಬೇರಾವ ರಾಸಾಯನಿಕವನ್ನೂ ಬೆರೆಸದೆ ಅದು ವಾರಗಟ್ಟಲೆ ನಿಲ್ಲುತ್ತದೆ. ಪಾರ್ಚ್‌ಮೆಂಟ್ ಕಾಫಿಯನ್ನು ನೂರಕ್ಕೆ 10ರ ತೇವಕ್ಕೆ ಇಳಿಸಿಯೇ ಚೀಲ ಹೊಲಿಯಿರಿ ಎಂದು ಈ ಪುಟಗಳಲ್ಲಿ ಪದೇ ಪದೇ ಬರೆಯುವುದೂ ಇದೇ ಕಾರಣಕ್ಕೆ. ಬಯಲುಸೀಮೆಯ ಒಣಗಾಳಿ ಅವರ ಭಾಗ್ಯ. ಅದೇ ಕರದಂಟು ನಮ್ಮ ಜೂನ್ ತಿಂಗಳ ಗಾಳಿಗೆ ತೆರೆದಿದ್ದರೆ ಮೂರೇ ದಿನದಲ್ಲಿ ಬೆವರುತ್ತದೆ.

ಸೊಸೆ ಕಲಿತಿದ್ದಾಳೆಯೇ ಎಂದು ಕೇಳಿದೆವು. "ಮೊಬೈಲಿನ್ಯಾಗ ಬರ್ಕೊಂಡಾಳ್ರಿ" ಎಂದರು, ಅಷ್ಟೇ. ಆ ಮಾತು ನಮಗೆ ನಾಟಿತು, ಏಕೆಂದರೆ ನಮ್ಮ ಮನೆಯಲ್ಲಿಯೇ ಅದು ನಡೆದುಹೋಗಿದೆ. ಕೆಂಪಡಿಕೆ ಬೇಯಿಸುವಾಗ ಚೊಗರಿನ ಹದ ನೋಡುತ್ತಿದ್ದ ಹಿರಿಯ ಆಳೊಬ್ಬರು ನಲವತ್ತು ವರ್ಷ ನಮ್ಮ ಹಂಡೆಯ ಬಳಿ ನಿಂತಿದ್ದರು. ಸೌಟಿನಿಂದ ಸುರಿಯುವ ಧಾರೆ ನೋಡಿ "ಸಾಕು" ಎನ್ನುತ್ತಿದ್ದರು. ಅವರು ತೀರಿಕೊಂಡ ವರ್ಷ ನಮ್ಮ ರಾಶಿ ಇಡಿಗೆ ಬಣ್ಣ ಕೂರಲಿಲ್ಲ. ಕ್ವಿಂಟಾಲಿಗೆ ಬಿದ್ದ ನಷ್ಟವನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಅಷ್ಟು ವರ್ಷಗಳಲ್ಲಿ ಒಂದು ದಿನವಾದರೂ ಅವರ ಪಕ್ಕದಲ್ಲಿ ನಿಂತು ಕಲಿಯಲು ನಮಗೆ ಪುರುಸೊತ್ತಾಗಿರಲಿಲ್ಲ.

ಇಂಥದೇ ಹದದ ಕಥೆ ಯೂರೋಪಿನ ಸೆರ್ಬಿಯಾ ದೇಶದ ಹಣ್ಣಿನ ಬೆಳೆಗಾರರದು. ಅಲ್ಲಿನ ಸಣ್ಣ ಹಿಡುವಳಿದಾರರು ಮಾಗಿದ ಪ್ಲಮ್ ಹಣ್ಣನ್ನು ಹುಳಿಯಿಸಿ, ತಾಮ್ರದ ಹಂಡೆಯಲ್ಲಿ ಎರಡು ಸಲ ಬಟ್ಟಿ ಇಳಿಸಿ ಶ್ಲಿವೊವಿತ್ಸಾ ಎಂಬ ಮದ್ಯ ಮಾಡುತ್ತಾರೆ. ಓಕ್ ಇಲ್ಲವೆ ಹಿಪ್ಪುನೇರಳೆ ಮರದ ಪೀಪಾಯಿಯಲ್ಲಿ ಹಳೆಯದಾಗಲು ಬಿಡುತ್ತಾರೆ. ಹುಟ್ಟಿಗೂ ಮದುವೆಗೂ ಸಾವಿಗೂ ಅದು ಬೇಕು. ಬಟ್ಟಿಯಿಂದ ಮೊದಲು ಬರುವ ಪಾಲು ಕುಡಿಯಲು ಯೋಗ್ಯವಲ್ಲ, ಕೊನೆಯದು ಸಪ್ಪೆ. ನಡುವಿನದನ್ನು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಮೂಗು, ನಾಲಿಗೆಗಳಿಂದ ತಿಳಿಯುವ ವಿದ್ಯೆ ತಂದೆಯಿಂದ ಮಗನಿಗೆ ಬರುತ್ತದೆ. 2022ರಲ್ಲಿ ಯುನೆಸ್ಕೋ ಈ ರೂಢಿಯನ್ನೂ ಅದರ ತಿಳಿವಳಿಕೆಯನ್ನೂ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅವರಿಗೂ ತೋಟದ ಕಷ್ಟ ತಪ್ಪಿದ್ದಲ್ಲ. ಷಾರ್ಕಾ ಎಂಬ ನಂಜುರೋಗ ಗಿಡಹೇನುಗಳಿಂದ ಹರಡಿ ಪೊಜೆಗಾಚಾ ಎಂಬ ಅವರ ಹಳೆಯ ತಳಿಯನ್ನು ಕಾಡಿತು. ಚಾಚಾಕ್ ಎಂಬಲ್ಲಿನ ಹಣ್ಣಿನ ಸಂಶೋಧನಾ ಸಂಸ್ಥೆ ಹೊಸ ತಳಿಗಳನ್ನು ಕೊಟ್ಟಿತು. ಹಳದಿ ಎಲೆ ರೋಗ ಕಂಡ ಅಡಿಕೆಯವರಿಗೆ ಇದನ್ನು ವಿವರಿಸಬೇಕಿಲ್ಲ. ತಳಿ ಬದಲಾದರೂ ಹಂಡೆ ಆರಲಿಲ್ಲ.

ಇಷ್ಟು ಓದಿ ಯಾರಾದರೂ ಹಿತ್ತಿಲಲ್ಲಿ ಹಂಡೆ ಇಟ್ಟಾರೆಂದು ಭಯವಾಗಿ ಹೇಳುತ್ತೇವೆ: ನಮ್ಮಲ್ಲಿ ಪರವಾನಗಿ ಇಲ್ಲದೆ ಬಟ್ಟಿ ಇಳಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಅಪರಾಧ. ಸಂಘ ಜಾಮೀನು ಕೊಡುವುದಿಲ್ಲ.

ನಮ್ಮ ಪದಾರ್ಥಗಳಿಗೆ ಹೆಸರಿಲ್ಲವೆಂದಲ್ಲ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೂ ಶಿರಸಿ ಅಡಿಕೆಗೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂದಿದೆ. ಆದರೂ ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಚೆರ್ರಿಯನ್ನು ಚೀಲಕ್ಕೆ ತುಂಬಿ, ದೂರದ ಪೇಟೆಯ ಇಂದಿನ ದರ ಕೇಳಿ, ಲಾರಿಗೆ ಏರಿಸಿಬಿಡುತ್ತಾರೆ. ತಮ್ಮದೇ ತೋಟದ ಕಾಫಿಯನ್ನು ಹುರಿದು ಕುಡಿದು ನೋಡಿದವರು ಕಡಿಮೆ. ಕಾಗದದ ಮಾನ್ಯತೆ ಅಮೀನಗಡದ ಒಲೆಯ ಕೆಲಸ ಮಾಡದು. ಈ ವಿಚಾರ ಆಡಳಿತ ಮಂಡಳಿಯ ಮುಂದಿದೆ: ಬರುವ ಕೊಯ್ಲಿನಲ್ಲಿ ಎರಡು ಚೀಲ ಸಂಘದ ಗೋದಾಮಿನಲ್ಲೇ ಹುರಿದು ನೋಡುವುದು, ಮತ್ತು ಚೊಗರಿನ ಹದ ಬಲ್ಲ ಹಿರಿಯರು ಯಾರ ಮನೆಯಲ್ಲಿದ್ದಾರೋ ಆ ಮನೆಯ ಹಂಡೆಯ ಬಳಿ ನಾಲ್ಕು ಜನ ಹುಡುಗರನ್ನು ಇಡೀ ಸುಗ್ಗಿ ನಿಲ್ಲಿಸುವುದು. ಅಂಥ ಹಿರಿಯರಿರುವ ಸದಸ್ಯರು ಕಚೇರಿಗೆ ತಿಳಿಸಬೇಕು. ಹುಡುಗರ ಊಟದ ಖರ್ಚು ಸಂಘದ್ದು.

ಅಮೀನಗಡದಿಂದ ತಂದ ಪೆಟ್ಟಿಗೆಗಳಲ್ಲಿ ಒಂದು ಇನ್ನೂ ಕಾರ್ಯದರ್ಶಿಯ ಕೋಣೆಯ ಬಿಗಿ ಮುಚ್ಚಳದ ಡಬ್ಬಿಯಲ್ಲಿದೆ. ಮಳೆ ಹಿಡಿಯುವ ಮುನ್ನ ಬಂದವರಿಗೆ ಒಂದೊಂದು ತುಂಡು ಸಿಕ್ಕೀತು.