ಬೇಸಗೆಯ ರಜೆಯೂ ಬೀಗ ಹಾಕಿದ ಬೀರುವೂ

ಪರೀಕ್ಷೆಗಳು ಮುಗಿದು, ಶಾಲೆಗಳ ಬಾಗಿಲು ಮುಚ್ಚಿ, ಮಕ್ಕಳು ಅಜ್ಜಿಯ ಮನೆಗೆ ಗಂಟು ಕಟ್ಟುವ ಕಾಲವು ಬಂದಿತು. ಈ ರಜೆಯನ್ನು ಮಕ್ಕಳು ಹೇಗೆ ಕಳೆಯಬೇಕೆಂಬ ವಿಷಯದಲ್ಲಿ ತಂದೆತಾಯಿಗಳಿಗೆ ಉಪದೇಶಕರ ಕೊರತೆಯೇನೂ ಇಲ್ಲ. ಈಜಿಗೆ, ಚಿತ್ರಕಲೆಗೆ, ಗಣಿತಕ್ಕೆ, ಇಂಗ್ಲಿಷ್ ಸಂಭಾಷಣೆಗೆ ಬೇರೆ ಬೇರೆ ಶಿಬಿರಗಳಿವೆ. ಅವುಗಳಿಗೆ ತಕ್ಕ ಶುಲ್ಕಗಳೂ ಇವೆ. ಇವನ್ನು ನಾವು ನಿಂದಿಸುವವರಲ್ಲ. ಆದರೆ ಆರನೆಯ ತರಗತಿಯಿಂದ ಎಂಟನೆಯ ತರಗತಿಯವರೆಗಿನ ಬಾಲಕ ಬಾಲಿಕೆಯರ ಕೈಗೆ ಒಂದು ಒಳ್ಳೆಯ ಕಾದಂಬರಿಯನ್ನು ಕೊಟ್ಟು, ಅದನ್ನು ಮೊದಲಿನಿಂದ ಕಡೆಯವರೆಗೆ ಅವರಷ್ಟಕ್ಕೆ ಅವರೇ ಓದುವಂತೆ ಬಿಡಿರೆಂದು ಹೇಳುವವರು ವಿರಳ. ಆದುದರಿಂದ ಆ ಮಾತನ್ನು ನಾವು ಹೇಳಬೇಕಾಗಿದೆ.

ಈ ವಯಸ್ಸೇ ಏಕೆಂದು ವಾಚಕರು ಕೇಳಬಹುದು. ಚಿಕ್ಕ ಮಗುವು ಕಥೆಯನ್ನು ಕೇಳುತ್ತದೆ. ಹೈಸ್ಕೂಲಿನ ಹುಡುಗನನ್ನು ಪರೀಕ್ಷೆಯ ಭಯವು ಆವರಿಸಿರುತ್ತದೆ. ಇವೆರಡರ ನಡುವಣ 11ರಿಂದ 14ನೆಯ ವರ್ಷದವರೆಗೆ ಮಾತ್ರ ಮುನ್ನೂರು ಪುಟಗಳ ಕಥೆಯನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿಯೂ, ಅದಕ್ಕೆ ಬೇಕಾದ ಬಿಡುವೂ ಒಟ್ಟಿಗೆ ಇರುತ್ತವೆ. ಪಾಠದ ಪುಸ್ತಕವು ತುಣುಕುಗಳ ಗಂಟು. ಮೊಬೈಲಿನ ಪರದೆಯು ಅದಕ್ಕಿಂತಲೂ ಸಣ್ಣ ಚೂರುಗಳ ಪ್ರವಾಹ. ಒಬ್ಬ ಮನುಷ್ಯನ ಸುಖದುಃಖಗಳನ್ನು ಹಲವು ದಿನ ಬಿಡದೆ ಹಿಂಬಾಲಿಸುವ ಸಹನೆಯನ್ನು ಕಲಿಸುವುದಕ್ಕೆ ಕಾದಂಬರಿಯಂಥ ಗುರುವು ಬೇರೊಂದಿಲ್ಲ.

ಲೋಕಪ್ರಸಿದ್ಧವಾದ ಬಾಲಕಾದಂಬರಿಗಳ ಜನ್ಮವೃತ್ತಾಂತವನ್ನು ನೋಡಿದರೆ, ಅವುಗಳಲ್ಲಿ ಕೆಲವು ಬಿಡುವಿನ ದಿನಗಳಲ್ಲಿಯೇ ಹುಟ್ಟಿದುವೆಂಬುದು ಗೊತ್ತಾಗುತ್ತದೆ. 1862ರ ಜುಲೈ 4ರಂದು ಆಕ್ಸ್‌ಫರ್ಡಿನ ಗಣಿತ ಉಪಾಧ್ಯಾಯನೊಬ್ಬನು ಮೂವರು ಹುಡುಗಿಯರನ್ನು ದೋಣಿಯಲ್ಲಿ ಕುಳ್ಳಿರಿಸಿಕೊಂಡು ಹೋಗುತ್ತ ಒಂದು ಕಥೆಯನ್ನು ಕಟ್ಟಿ ಹೇಳಿದನು. ಅವರಲ್ಲಿ 10 ವರ್ಷದ ಆಲಿಸ್ ಎಂಬವಳು ಅದನ್ನು ಬರೆದುಕೊಡಬೇಕೆಂದು ಹಟಹಿಡಿದಳು. ಲೂಯಿಸ್ ಕ್ಯಾರಲ್ ಎಂಬ ಹೆಸರಿನಲ್ಲಿ 1865ರಲ್ಲಿ ಪ್ರಕಟವಾದ ಆಲಿಸಳ ಕಥೆಯು ಇದೇ. 1881ರ ಬೇಸಗೆಯಲ್ಲಿ ಸ್ಕಾಟ್ಲೆಂಡಿನ ಬ್ರೇಮಾರ್ ಎಂಬ ಊರಿನಲ್ಲಿ ಮಳೆ ಹಿಡಿದು ಹೊರಗೆ ಕಾಲಿಡಲಾಗದಿದ್ದಾಗ, ಸ್ಟೀವನ್‌ಸನ್ನನು ತನ್ನ ಹೆಂಡತಿಯ ಮೊದಲ ಮದುವೆಯ ಮಗನಾದ 13 ವರ್ಷದ ಹುಡುಗನೊಡನೆ ಕುಳಿತು ಒಂದು ದ್ವೀಪದ ನಕ್ಷೆಯನ್ನು ಬರೆದನು. ಆ ನಕ್ಷೆಯಿಂದ ದಿನಕ್ಕೊಂದು ಅಧ್ಯಾಯದಂತೆ ಕಥೆಯು ಬೆಳೆಯಿತು. ಬರೆದುದನ್ನು ಮನೆಮಂದಿಗೆಲ್ಲ ಓದಿಹೇಳುತ್ತಿದ್ದನು. 1883ರಲ್ಲಿ ಪುಸ್ತಕವಾಗಿ ಬಂದ 'ಟ್ರೆಷರ್ ಐಲೆಂಡ್' ಅದೇ.

ಮತ್ತೆ ಕೆಲವು ಗ್ರಂಥಗಳನ್ನು ಮಕ್ಕಳು ದೊಡ್ಡವರ ಕೈಯಿಂದ ಕಸಿದುಕೊಂಡರೆಂದೇ ಹೇಳಬೇಕು. ಡೀಫೋನ 'ರಾಬಿನ್‌ಸನ್ ಕ್ರೂಸೊ' (1719), ಸ್ವಿಫ್ಟನ 'ಗಲಿವರನ ಪ್ರವಾಸ' (1726) ಇವು ಮಕ್ಕಳಿಗಾಗಿ ಬರೆದುವಲ್ಲ. ಆದರೂ ಪುಸ್ತಕಗಳ ವಿಷಯದಲ್ಲಿ ಅಷ್ಟೇನೂ ವಿಶ್ವಾಸವಿಲ್ಲದಿದ್ದ ರೂಸೊ ಮಹಾಶಯನು, 1762ರ ತನ್ನ 'ಎಮಿಲ್' ಎಂಬ ಶಿಕ್ಷಣಗ್ರಂಥದಲ್ಲಿ, ತನ್ನ ಶಿಷ್ಯನು ಮೊದಲು ಓದತಕ್ಕ ಪುಸ್ತಕವು ಕ್ರೂಸೊವಿನ ಕಥೆಯೇ ಎಂದು ವಿಧಿಸಿದನು. ನಮ್ಮ ಮೈಸೂರಿನಲ್ಲಿ ಬಾಳಿದ ಆರ್. ಕೆ. ನಾರಾಯಣರು 1935ರಲ್ಲಿ ಪ್ರಕಟಿಸಿದ 'ಸ್ವಾಮಿ ಅಂಡ್ ಫ್ರೆಂಡ್ಸ್' ಸಹ ಇದೇ ವರ್ಗಕ್ಕೆ ಸೇರತಕ್ಕದ್ದು. ರಜೆಯಲ್ಲಿಯೂ ತಂದೆಯು ಸ್ವಾಮಿಯನ್ನು ಕೂಡಿಸಿ ಮಾವಿನ ಹಣ್ಣಿನ ಬೆಲೆಯ ಲೆಕ್ಕವನ್ನು ಮಾಡಿಸುತ್ತಾನೆ. ಹುಡುಗನ ಚಿಂತೆಯಾದರೋ ಆ ಹಣ್ಣುಗಳು ಮಾಗಿವೆಯೋ ಇಲ್ಲವೋ ಎಂಬುದು. ಆ ಪ್ರಸಂಗವನ್ನು ಓದಿ ನಗದ ತಂದೆಯಿಲ್ಲ. ನಕ್ಕ ಮೇಲೆ ತನ್ನ ಮಗನಿಗೆ ಅದನ್ನೇ ಮಾಡದ ತಂದೆಯೂ ಅಪರೂಪ.

ಅಂಥ ತಂದೆಯರಲ್ಲಿ ನಾವೂ ಒಬ್ಬರೆಂಬುದನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ. ನಮ್ಮ ಕಿರಿಯ ಮಗನು ಏಳನೆಯ ತರಗತಿಯಲ್ಲಿದ್ದಾಗ, ಸ್ಟೀವನ್‌ಸನ್ನನ ಆ ಕಾದಂಬರಿಯ ಕನ್ನಡ ಅನುವಾದವನ್ನು ಬೇಸಗೆಯಲ್ಲಿ ಅವನ ಕೈಗಿತ್ತೆವು. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಒಂದೊಂದು ಅಧ್ಯಾಯಕ್ಕೂ ಹತ್ತು ಪಂಕ್ತಿಗಳ ಸಾರಾಂಶವನ್ನೂ, ಕಠಿನ ಪದಗಳ ಅರ್ಥವನ್ನೂ ಬರೆದು ಸಂಜೆಗೆ ಒಪ್ಪಿಸಬೇಕೆಂದು ಆಜ್ಞಾಪಿಸಿದೆವು. ಹುಡುಗನು ಹತ್ತು ಅಧ್ಯಾಯಗಳಿಗೆ ಹತ್ತು ಸಾರಾಂಶಗಳನ್ನು ಬರೆದು ಪುಸ್ತಕವನ್ನು ಕೆಳಗಿಟ್ಟನು. ಕಥಾನಾಯಕನಾದ ಜಿಮ್ ಸೇಬಿನ ಪೀಪಾಯಿಯೊಳಗೆ ಅವಿತು ಕುಳಿತ ಘಟ್ಟ ಅದು. ಹಡಗಿನ ದ್ರೋಹಿಗಳ ಸಂಚನ್ನು ಅವನು ಕೇಳುವುದು ಮುಂದಿನ ಅಧ್ಯಾಯದಲ್ಲಿ. ಅಲ್ಲಿ ಪುಸ್ತಕವನ್ನು ಮುಚ್ಚಬಲ್ಲ ಬಾಲಕನಿದ್ದಾನೆಂದರೆ, ತಪ್ಪು ಕಥೆಯದಲ್ಲ, ಬಾಲಕನದೂ ಅಲ್ಲ. ಮರುವರ್ಷ ನಮ್ಮ ತಂಗಿಯ ಮಗಳು ಅದೇ ಪ್ರತಿಯನ್ನು ಯಾರನ್ನೂ ಕೇಳದೆ ಎತ್ತಿಕೊಂಡು ಹೋಗಿ, ಊಟಕ್ಕೆ ಕರೆದರೂ ಓಗೊಡದೆ, ಎರಡೇ ದಿನಗಳಲ್ಲಿ ಮುಗಿಸಿದಳು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ನಮ್ಮ ಮಗನು ಈಗ ಕಾಲೇಜಿನಲ್ಲಿದ್ದಾನೆ. ಪಠ್ಯವಲ್ಲದ ಪುಸ್ತಕವನ್ನು ಅವನ ಕೈಯಲ್ಲಿ ನಾವು ಮತ್ತೆ ಕಂಡಿಲ್ಲ.

ಆದುದರಿಂದ ನಮ್ಮ ಮೊದಲನೆಯ ಸೂಚನೆ ಏನೆಂದರೆ, ರಜೆಯ ಓದಿಗೆ ಪ್ರಶ್ನಪತ್ರಿಕೆ ಬೇಡ. ಮಗುವು ತಾನಾಗಿ ಕಥೆಯ ಮಾತೆತ್ತಿದರೆ ಕಿವಿಗೊಟ್ಟು ಕೇಳೋಣ, ಅಷ್ಟೇ ಸಾಕು. ಎರಡನೆಯದು, ನಲವತ್ತು ಪುಟಗಳಿಗೆ ಹಿಂಡಿದ ಸಂಗ್ರಹಗಳನ್ನು ಕಾದಂಬರಿಯೆಂದು ಭ್ರಮಿಸಬಾರದು. ಕ್ರೂಸೊ ಒಂದು ಮಡಕೆಯನ್ನು ಸುಡಲು ಪಟ್ಟ ಪಾಡನ್ನು ಬಿಟ್ಟು, ಅವನು ದ್ವೀಪದಲ್ಲಿ ಬಹುಕಾಲ ಇದ್ದನೆಂದು ಒಂದು ವಾಕ್ಯದಲ್ಲಿ ಹೇಳಿದರೆ ಸಮಾಚಾರವು ತಿಳಿಯುತ್ತದೆ, ಕಥೆಯು ಹೋಗುತ್ತದೆ. ಮೂರನೆಯದು, ಮಗುವು ಯಾವ ಭಾಷೆಯಲ್ಲಿ ನಗುತ್ತದೆಯೋ ಆ ಭಾಷೆಯಲ್ಲಿ ಓದಲಿ. ಇಂಗ್ಲಿಷಿನ ಅಭ್ಯಾಸಕ್ಕೆಂದು ಕಾದಂಬರಿಯನ್ನು ಕೊಡುವವರು ಕಾದಂಬರಿಯನ್ನೂ ಕೆಡಿಸುತ್ತಾರೆ, ಇಂಗ್ಲಿಷನ್ನೂ ಕೆಡಿಸುತ್ತಾರೆ. 'ಅನರ್ಥಕೋಶ'ದ ಕರ್ತೃಗಳಾದ ನಾ. ಕಸ್ತೂರಿಯವರು ಆಲಿಸಳನ್ನು 'ಪಾತಾಳದಲ್ಲಿ ಪಾಪಚ್ಚಿ' ಎಂದು ಕನ್ನಡದ ಹುಡುಗಿಯನ್ನಾಗಿ ಮಾಡಿ ತೋರಿಸಿದರು. ಇಂಥ ಪುಸ್ತಕಗಳನ್ನು ಕೇಳಿ ಕೊಳ್ಳುವವರಿದ್ದರೆ ಪ್ರಕಾಶಕರು ಅಚ್ಚುಹಾಕದೆ ಇರಲಾರರು.

ಇನ್ನು ಅಧಿಕಾರಿವರ್ಗದವರಲ್ಲಿ ನಮ್ಮದೊಂದು ಬಿನ್ನಹ. ನಮ್ಮ ರಾಜ್ಯದಲ್ಲಿ 1965ರಿಂದ ಸಾರ್ವಜನಿಕ ಗ್ರಂಥಾಲಯಗಳ ಶಾಸನವಿದೆ. ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳಿಗೆ ಮಕ್ಕಳನ್ನು ಸೇರಿಸುವುದಕ್ಕಾಗಿ 'ಓದುವ ಬೆಳಕು' ಎಂಬ ಕಾರ್ಯಕ್ರಮವು 2020ರಲ್ಲಿ ಆರಂಭವಾಯಿತು. ಇವು ಸ್ತುತ್ಯವಾದ ಕಾರ್ಯಗಳು. ಆದರೆ ಎಷ್ಟೋ ಶಾಲೆಗಳಲ್ಲಿ, ಮಕ್ಕಳಿಗೆ ಓದಲು ಬಿಡುವಿರುವ ಈ ದಿನಗಳಲ್ಲಿಯೇ ಪುಸ್ತಕದ ಬೀರುವಿಗೆ ಬೀಗ ಬೀಳುತ್ತದೆ. ಮುಖ್ಯೋಪಾಧ್ಯಾಯರನ್ನು ದೂಷಿಸಿ ಫಲವಿಲ್ಲ; ಒಂದು ಪುಸ್ತಕ ಕಳೆದರೆ ದಾಸ್ತಾನಿನ ತಪಾಸಣೆಯಲ್ಲಿ ಉತ್ತರ ಹೇಳಬೇಕಾದವರು ಅವರೇ. ರಜೆಗೆ ಮುಂಚೆ ಪ್ರತಿಯೊಂದು ಮಗುವಿಗೂ ಎರಡೆರಡು ಪುಸ್ತಕಗಳನ್ನು ಕೊಡಬೇಕೆಂದೂ, ಹರಿದುದಕ್ಕೂ ಕಳೆದುದಕ್ಕೂ ಉಪಾಧ್ಯಾಯರನ್ನು ಹೊಣೆ ಮಾಡಲಾಗದೆಂದೂ ಒಂದು ಸುತ್ತೋಲೆ ಹೊರಟರೆ, ಬೊಕ್ಕಸಕ್ಕೆ ಹೆಚ್ಚಿನ ಭಾರವೇನೂ ಬೀಳದು. ಮಕ್ಕಳ ಕೈಯಲ್ಲಿ ಹರಿದ ಪುಸ್ತಕವು ನಷ್ಟದ ಲೆಕ್ಕಕ್ಕೆ ಸೇರತಕ್ಕದ್ದಲ್ಲ. ಬೀರುವಿನಲ್ಲಿ ಹೊಸದಾಗಿಯೇ ಉಳಿದು ಗೆದ್ದಲು ಹಿಡಿದುದೇ ನಿಜವಾದ ನಷ್ಟ.

ರಜೆಯು ಕೆಲವೇ ವಾರಗಳದು. ಈ ವಯಸ್ಸು ಮೂರೇ ವರ್ಷಗಳದು. ಮನೆಯವರು ಪುಸ್ತಕವನ್ನು ಕೊಟ್ಟು ಮರೆಯಾಗಲಿ. ಸರಕಾರವು ಬೀಗವನ್ನು ತೆಗೆಯಲಿ. ಪೀಪಾಯಿಯಲ್ಲಿ ಅವಿತ ಹುಡುಗನು ಕೇಳಿದುದೇನೆಂಬುದನ್ನು ಮಕ್ಕಳು ತಾವೇ ತಿಳಿದುಕೊಳ್ಳುವರು.