ಗಣಿ, ಸರ್ಕಾರ ಮತ್ತು ಕಂಪನಿ

ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರವೆಂದರೆ ಅಡಿಕೆ ತೋಟಗಳು ನೆನಪಾಗುತ್ತವೆ. ಅದೇ ಸೀಮೆಯ ಗುಡ್ಡಗಳಲ್ಲಿ ಕಬ್ಬಿಣದ ಅದಿರೂ ಇದೆ. ಹೊಳಲ್ಕೆರೆ, ಹೊಸದುರ್ಗ ತಾಲ್ಲೂಕುಗಳಲ್ಲೂ ಅದಿರಿನ ಗುಡ್ಡಗಳುಂಟು. ಅಗೆಯುವುದು ಹೆಚ್ಚಾಗಿ ಖಾಸಗಿ ಕಂಪನಿ. ಒಪ್ಪಿಗೆ ಕೊಡುವುದು ಸರ್ಕಾರ. ಇವರಿಬ್ಬರ ಸಂಬಂಧ ಎಂಥದು?

ವಿದ್ಯಾರ್ಥಿಗಳೇ, ಗಣಿ ಗುತ್ತಿಗೆ ಎಂದರೆ ಗುಡ್ಡದ ಮಾರಾಟವಲ್ಲ. ಸರ್ಕಾರಿ ಹಾಗೂ ಅರಣ್ಯ ಭೂಮಿಯ ಅದಿರು ಸಾರ್ವಜನಿಕ ಸ್ವತ್ತು. ಗೊತ್ತಾದ ಜಾಗದಲ್ಲಿ, ಗೊತ್ತಾದ ಅವಧಿಗೆ ಅಗೆಯಲು ಮಾತ್ರ ಕಂಪನಿಗೆ ಹಕ್ಕು. ತೆಗೆದ ಅದಿರಿಗೆ ಅದು ಕೊಡುವ ಹಣವೇ ರಾಜಧನ. ಇದು ತೆರಿಗೆಯಲ್ಲ, ಗುತ್ತಿಗೆಯ ಪ್ರಕಾರ ಸಲ್ಲಬೇಕಾದ ಹಣ ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರ ಪೀಠ 2024ರಲ್ಲಿ ಬಹುಮತದಿಂದ ತೀರ್ಪಿತ್ತಿತು.

ಆದ್ದರಿಂದ ಸರ್ಕಾರಕ್ಕೆ ಎರಡು ಹೊಣೆ. ಒಡೆಯನಂತೆ ತಕ್ಕ ಬೆಲೆ ಪಡೆಯಬೇಕು. ಕಾವಲುಗಾರನಂತೆ ಕಂಪನಿ ಎಲ್ಲೆಗಲ್ಲು ದಾಟದಂತೆ ನೋಡಿಕೊಳ್ಳಬೇಕು. 2000ದ ನಂತರ ಎರಡೂ ಸಡಿಲಗೊಂಡವು. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಟನ್ನಿಗೆ ಸಾವಿರಾರು ರೂಪಾಯಿಗೆ ಏರಿತು. ರಾಜಧನವೋ, 2009ರವರೆಗೆ ಟನ್ನಿಗೆ ಹೆಚ್ಚೆಂದರೆ 27 ರೂಪಾಯಿ! ಲಾಭ ಇಷ್ಟು ದೊಡ್ಡದಾದಾಗ ಎಲ್ಲೆ ಮೀರುವ ಆಸೆಯೂ ಬೆಳೆಯಿತು. ಅಕ್ರಮ ಗಣಿಗಾರಿಕೆ ಕುರಿತು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ವರದಿ ಕೊಟ್ಟರು. ಅದೇ ತಿಂಗಳು ಬಳ್ಳಾರಿಯಲ್ಲಿ, ಆಗಸ್ಟ್‌ನಲ್ಲಿ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನು ನಿಲ್ಲಿಸಿತು.

ಇದರ ಪರಿಣಾಮವೇನು? ನಿಯಮ ಪಾಲಿಸಿದ ಗಣಿಯೂ, ಮೀರಿದ ಗಣಿಯೂ ಒಟ್ಟಿಗೆ ಮುಚ್ಚಿದವು. ತಪ್ಪು ಮಾಡದ ಕಾರ್ಮಿಕರ, ಲಾರಿ ಚಾಲಕರ ಕೆಲಸವೂ ಹೋಯಿತು. ಕಾವಲು ಸಡಿಲವಾದರೆ ಅದರ ಬೆಲೆಯನ್ನು ಬಡವರೂ ತೆರುತ್ತಾರೆ.

ಅಳತೆ ನಡೆಸಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಎಲ್ಲೆಯನ್ನು ಬಹಳವಾಗಿ ಮೀರಿದ ಸಿ ವರ್ಗದ ಗುತ್ತಿಗೆಗಳನ್ನು 2013ರ ಏಪ್ರಿಲ್ ತೀರ್ಪು ರದ್ದುಪಡಿಸಿತು. ಬಿ ವರ್ಗದವರು ಪರಿಹಾರ ಕಟ್ಟಿ, ಕೆಟ್ಟ ನೆಲವನ್ನು ಸರಿಪಡಿಸಬೇಕಾಯಿತು. ವರ್ಷಕ್ಕೆ ಎಷ್ಟು ಅಗೆಯಬಹುದೆಂಬ ಮಿತಿಯೂ ಬಂತು. ಚಿತ್ರದುರ್ಗ, ತುಮಕೂರು ಎರಡಕ್ಕೂ ಸೇರಿ ಈ ಮಿತಿಯನ್ನು 2022ರಲ್ಲಿ 70 ಲಕ್ಷ ಟನ್ನಿನಿಂದ 150 ಲಕ್ಷ ಟನ್ನಿಗೆ ಏರಿಸಲಾಯಿತು.

ಬೆಲೆಯ ಲೆಕ್ಕವೂ ಬದಲಾಯಿತು. 2009ರಲ್ಲಿ ರಾಜಧನವನ್ನು ಮಾರಾಟ ಬೆಲೆಗೆ ಜೋಡಿಸಿ ಶೇ. 10 ಎಂದೂ, 2014ರಲ್ಲಿ ಶೇ. 15 ಎಂದೂ ಗೊತ್ತುಮಾಡಲಾಯಿತು. 2015ರ ಕಾನೂನು ತಿದ್ದುಪಡಿ ಹೊಸ ಗುತ್ತಿಗೆಗಳನ್ನು ಹರಾಜಿನ ಮೂಲಕ ಕೊಡುವ ಪದ್ಧತಿ ತಂದಿತು. ಜೊತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನಗಳೂ ಹುಟ್ಟಿದವು. 100 ರೂಪಾಯಿ ರಾಜಧನ ಕಟ್ಟುವ ಹಳೆಯ ಗುತ್ತಿಗೆದಾರ ಈ ನಿಧಿಗೆ ಇನ್ನೂ 30 ರೂಪಾಯಿ, ಹರಾಜಿನಲ್ಲಿ ಪಡೆದವನು 10 ರೂಪಾಯಿ ಕೊಡಬೇಕು. ಗಣಿಯಿಂದ ತೊಂದರೆಗೊಳಗಾದ ಊರುಗಳ ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆ ಈ ಹಣ ಮೀಸಲು.

ಸರ್ಕಾರ ಮತ್ತು ಉದ್ಯಮ ಶತ್ರುಗಳಾಗಬೇಕಿಲ್ಲ. ಅತಿಯಾದ ಸ್ನೇಹವೂ ಸಲ್ಲದು. ಕರಾರು ಬಹಿರಂಗವಾಗಿರಬೇಕು, ಲೆಕ್ಕ ಚೊಕ್ಕವಾಗಿರಬೇಕು. ಆ ನಿಧಿಯಿಂದ ನಿಮ್ಮ ಊರಿಗೆ ಏನು ಬಂದಿದೆ? ಗ್ರಾಮಸಭೆಯಲ್ಲಿ ವಿಚಾರಿಸಿ. ಕೇಳುವವರಿದ್ದರೆ ಕಾವಲುಗಾರ ಎಚ್ಚರವಾಗಿರುತ್ತಾನೆ.