ಪಂಪು ನಿಲ್ಲಲಿಲ್ಲ, ಚಿಪ್ ಎಲ್ಲಿ ನಿಂತಿತ್ತು? ಅಗ್ಗದ ಡಿಬಗ್ಗರ್ ಕತೆ

ಇವತ್ತಿನದ್ದು ಸ್ವಲ್ಪ ಟೆಕ್ನಿಕಲ್ ಮಾತು. ಆದ್ರೆ ಶುರು ಮಾಡೋದು ಅಳದಂಗಡಿಯ ನಮ್ಮ ಅಡಿಕೆ ತೋಟದಿಂದ.

ಏಪ್ರಿಲ್ ತಿಂಗಳು. ಟ್ಯಾಂಕ್ ತುಂಬಿದ ಕೂಡಲೇ ಪಂಪು ತಾನೇ ಆಫ್ ಆಗ್ಲಿ ಅಂತ ನಾನೊಂದು ಬೋರ್ಡ್ ಮಾಡಿ ಇಟ್ಟಿದ್ದೆ. ಬ್ಲೂ ಪಿಲ್ ಅಂತಾರಲ್ಲ, ಎಸ್‌ಟಿಎಂ32 ಚಿಪ್ ಇರುವ ಸಣ್ಣ ನೀಲಿ ಬೋರ್ಡು, ಅದು. ಎರಡು ವಾರ ಚೆನ್ನಾಗಿ ನಡೀತು. ಒಂದು ರಾತ್ರಿ ಪಂಪು ನಿಲ್ಲಲೇ ಇಲ್ಲ. ಬೆಳಿಗ್ಗೆ ನೋಡಿದ್ರೆ ಟ್ಯಾಂಕ್ ತುಂಬಿ ಹರಿದಿದೆ, ಬಾವಿಯ ತಳ ಕಾಣ್ತಾ ಉಂಟು. "ನಿನ್ನ ಕಂಪ್ಯೂಟರ್ ಬೇಡ ಮಾರಾಯ, ಸ್ವಿಚ್ಚೇ ಸಾಕು" ಅಂದ್ರು ಅಪ್ಪ.

ರಿಸೆಟ್ ಒತ್ತಿದ್ರೆ ಸರಿಯಾಗ್ತದೆ. ಆದ್ರೆ ಒತ್ತಿದ ಕೂಡಲೇ ಸಾಕ್ಷಿಯೂ ಅಳಿಸಿಹೋಗ್ತದೆ. ಇಲ್ಲೇ ಡಿಬಗ್ಗರ್ ಬೇಕಾಗುವುದು.

ಪ್ರೋಗ್ರಾಮರ್ ಅಂದ್ರೆ ನಾವು ಬರೆದ ಕೋಡನ್ನು ಚಿಪ್‌ನ ಫ್ಲ್ಯಾಶ್ ಮೆಮೊರಿಗೆ ತುಂಬುವ ಸಾಧನ. ಡಿಬಗ್ಗರ್ ಇನ್ನೊಂದು ಹೆಜ್ಜೆ ಮುಂದೆ: ಓಡುತ್ತಿರುವ ಚಿಪ್ಪನ್ನು ನಿಲ್ಲಿಸಿ, ಅದು ಯಾವ ಸಾಲಿನಲ್ಲಿದೆ, ಯಾವ ವೇರಿಯಬಲ್‌ನಲ್ಲಿ ಎಷ್ಟಿದೆ ಅಂತ ತೋರಿಸ್ತದೆ. ಇದಕ್ಕೆ ಬೇಕಾದ ಸರ್ಕ್ಯೂಟ್ ಬಹಳಷ್ಟು ಚಿಪ್‌ಗಳ ಒಳಗೇ ಇರ್ತದೆ. ಬ್ಲೂ ಪಿಲ್‌ನ ಕಾರ್ಟೆಕ್ಸ್-ಎಂ3ಯಲ್ಲಿ 6 ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್ ಉಂಟು. ಹೊರಗೆ ಬೇಕಾದ್ದು ಯುಎಸ್‌ಬಿ ಮಾತನ್ನು ಎರಡು ವೈರ್‌ಗಳ ಭಾಷೆಗೆ ತಿರುಗಿಸುವ ಒಬ್ಬ ದುಭಾಷಿ, ಅಷ್ಟೇ.

ಆ ದುಭಾಷಿ ಅಗ್ಗವೇ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿಗೆ ಬಂದ ಕಂಪನಿ. ಅದು 2010ರಲ್ಲಿ ಡಿಬಗ್ಗರ್ ಸೇರಿಸಿಯೇ ಲಾಂಚ್‌ಪ್ಯಾಡ್ ಬೋರ್ಡನ್ನು 4.30 ಡಾಲರ್‌ಗೆ ಕೊಟ್ಟಿತ್ತು. ನಾನು ಹಿಡಿದ ದಾರಿ ರಾಸ್ಪ್‌ಬೆರಿ ಪೈ ಪಿಕೋ. 2021ರಲ್ಲಿ ಅದು ಬಂದಾಗ ಬೆಲೆ 4 ಡಾಲರ್. ಬೂಟ್‌ಸೆಲ್ ಬಟನ್ ಒತ್ತಿ ಹಿಡಿದು ಲ್ಯಾಪ್‌ಟಾಪ್‌ಗೆ ಚುಚ್ಚಿದ್ರೆ ಪೆನ್‌ಡ್ರೈವ್ ತರ ಕಾಣ್ತದೆ; ಡಿಬಗ್‌ಪ್ರೋಬ್ ಅನ್ನುವ ಉಚಿತ ಫರ್ಮ್‌ವೇರ್ ಅದಕ್ಕೆ ಎಳೆದು ಹಾಕಿ. ಮುಗೀತು, ಪಿಕೋವೇ ಡಿಬಗ್ಗರ್. ಜಿಪಿ2 ಪಿನ್ನಿಂದ ಕ್ಲಾಕ್, ಜಿಪಿ3ರಿಂದ ಡೇಟಾ, ಜೊತೆಗೆ ಗ್ರೌಂಡ್. ಕಂಪ್ಯೂಟರ್‌ನಲ್ಲಿ ಓಪನ್‌ಒಸಿಡಿ ಮತ್ತು ಜಿಡಿಬಿ, ಎರಡೂ ಉಚಿತ.

ನೀವೇ ಪಿಸಿಬಿ ಮಾಡುವುದಾದ್ರೆ ಹಣ ಉಳಿಸಬಾರದ ಜಾಗವೂ ಉಂಟು. ಕ್ಲಾಕ್, ಡೇಟಾ ಎರಡಕ್ಕೂ 100 ಓಮ್ ರೆಸಿಸ್ಟರ್ ಒಂದೊಂದು ಹಾಕಿ. ವೈರ್ ಅದಲುಬದಲಾದಾಗ ಕರೆಂಟ್ ಮಿತಿಯಲ್ಲಿರ್ತದೆ. ಪಿಕೋ 3.3 ವೋಲ್ಟ್‌ನದ್ದು, 5 ವೋಲ್ಟ್‌ನ ಆರ್ಡುಯಿನೋ ಊನೋಗೆ ನೇರ ಜೋಡಿಸಬೇಡಿ. ಊನೋ ಚಿಪ್‌ನ ಭಾಷೆಯೂ ಬೇರೆ, ಡಿಬಗ್‌ವೈರ್ ಅಂತ. ಅದಕ್ಕೆ ಇನ್ನೊಂದು ಊನೋವನ್ನೇ ಡಿಬಗ್ಗರ್ ಮಾಡುವ ಡಿಡಬ್ಲ್ಯೂ-ಲಿಂಕ್ ಉಂಟು. ಮತ್ತೆ, ವೈರ್ ಗೇಣುದ್ದ ಸಾಕು. ಉದ್ದ ಮಾಡಿ, ಕನೆಕ್ಟ್ ಆಗಲ್ಲ ಅಂತ ಒಂದು ಸಂಜೆ ಪೂರ್ತಿ ತಲೆ ಕೆಡಿಸಿಕೊಂಡವ ನಾನು.

ಎಲ್ಲಕ್ಕಿಂತ ಮುಖ್ಯ: ಡಿಬಗ್ಗರ್ ನಿಲ್ಲಿಸುವುದು ಚಿಪ್ಪನ್ನು, ಪಂಪನ್ನಲ್ಲ. ರಿಲೇ ಆನ್ ಇದ್ದಾಗ ಚಿಪ್ ನಿಲ್ಲಿಸಿದ್ರೆ ರಿಲೇ ಆನ್ ಆಗಿಯೇ ಉಳೀತದೆ. ಹಾಗಾಗಿ ಮೊದಲು ಪಂಪಿನ ಮೈನ್ ಸ್ವಿಚ್ ಆಫ್. ಬೋರ್ಡಿಗೆ ಬೇರೆ ಅಡಾಪ್ಟರ್, ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ.

ಮೂರನೇ ಸಲ ಸಿಕ್ಕಿಬಿದ್ದಾಗ ರಿಸೆಟ್ ಒತ್ತಲಿಲ್ಲ. ಪಿಕೋ ಜೋಡಿಸಿ, ಹಾಲ್ಟ್ ಕೊಟ್ಟೆ. ಚಿಪ್ ಒಂದು ವೈಲ್ ಲೂಪ್‌ನಲ್ಲಿ ಕೂತಿತ್ತು: ಟ್ಯಾಂಕಿನ ಅಲ್ಟ್ರಾಸೋನಿಕ್ ಸೆನ್ಸರ್‌ನ ಪ್ರತಿಧ್ವನಿಗೆ ಕಾಯ್ತಾ. ಮೇಲೆ ಹತ್ತಿ ನೋಡಿದ್ರೆ ವೈರನ್ನು ಅಳಿಲು ಕಚ್ಚಿದೆ. ಗಾಳಿಗೆ ಅಲ್ಲಾಡಿದಾಗ ಸಂಪರ್ಕ ತಪ್ಪುತ್ತಿತ್ತು. ಆದ್ರೆ ತಪ್ಪು ಅಳಿಲಿನದ್ದಲ್ಲ. ಎಷ್ಟು ಹೊತ್ತು ಕಾಯಬೇಕು ಅಂತ ನಾನು ಕೋಡ್‌ನಲ್ಲಿ ಬರೆದೇ ಇರಲಿಲ್ಲ.

ಈಗ 30 ಮಿಲಿಸೆಕೆಂಡ್ ಮಿತಿ ಹಾಕಿದ್ದೇನೆ, ಉತ್ತರ ಬಾರದಿದ್ರೆ ಪಂಪು ಆಫ್. ಅಪ್ಪ ಮಾತ್ರ ಹಳೆ ಸ್ವಿಚ್ ತೆಗೆಯಲು ಇನ್ನೂ ಬಿಟ್ಟಿಲ್ಲ.